ಹೊಂಡೂಣೇನು?

ಹಿಮಾಲಯದ ಒಂದು ಮೂಲೆಯ ಕಣಿವೆ. ಬಸ್ಸಿನ ದಾರಿ ಮುಗಿದ ಮೇಲೂ ಅರ್ಧ ದಿನ ನಡೆದರೆ ನದಿಯ ದಂಡೆಗೆ ಒಂದು ಆಶ್ರಮ ಸಿಗುತ್ತದೆ. ಆಶ್ರಮ ಎಂದರೆ ಮೂರು ಕೋಣೆ, ಒಂದು ಅಡುಗೆಮನೆ, ಎರಡು ಆಕಳು.

ಗುರುಗಳು ನಲವತ್ತು ವರ್ಷದ ಹಿಂದೆ ಕೊಪ್ಪಳದ ಕಡೆಯಿಂದ ಬಂದು ಅಲ್ಲಿ ಕೂತವರು. ಕೂತವರು ಎಂದರೆ ನಿಜಕ್ಕೂ ಕೂತವರು.

ಶಿಷ್ಯ ನಿರುಪಾದಿ ಅದೇ ಸೀಮೆಯವನು. ಐದು ವರ್ಷದ ಹಿಂದೆ ಬಂದ. ಅದಕ್ಕೆ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಇಪ್ಪತ್ತಾರು ವರ್ಷ ಸೀಟಿ ಊದಿ ಬಸ್ಸು ಬಿಡಿಸಿದವನಿಗೆ ಕೂತಲ್ಲಿ ಕೂರಲು ಬರುತ್ತಿರಲಿಲ್ಲ. ಹೆಸರು ನಿರುಪಾದಿ, ಮಾಡುವುದೆಲ್ಲ ಉಪದ್ವ್ಯಾಪ ಎಂದು ಅಡುಗೆಯವರು ನಗುತ್ತಿದ್ದರು.

ಅವನ ಬಾಯಲ್ಲಿ ಸದಾ ಒಂದೇ ಮಾತು: "ಹೊಂಡೂಣೇನು?" ಹೊರಡೋಣವೇ ಎಂಬುದಕ್ಕೆ ಅವನ ಕಡೆ ಹಾಗನ್ನುತ್ತಾರೆ. ಪೂಜೆಯ ಗಂಟೆ ನಿಲ್ಲುವ ಮೊದಲೇ ಹೊಂಡೂಣೇನು. ಪಂಕ್ತಿಯಲ್ಲಿ ಪಕ್ಕದವರು ಕೊನೆಯ ತುತ್ತು ಎತ್ತುವಾಗಲೇ ಹೊಂಡೂಣೇನು. ಎಲ್ಲಿಗೆ ಎಂದು ಕೇಳಿದರೆ ಅವನಿಗೂ ಗೊತ್ತಿರುತ್ತಿರಲಿಲ್ಲ.

ಮಳೆಗಾಲ ಮುಗಿದ ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಒಂದು ಹಾಳೆ ಹಿಡಿದು ನಿಂತ.

"ಅಜ್ಜಾರ, ಊರಿಂದ ಐದು ಮಂದಿ ಬರಾಕತ್ತಾರ್ರಿ. ನಮ್ಮಕ್ಕ, ಆಕಿ ಭಜನಿ ಗುಂಪಿನ ನಾಕು ಮಂದಿ. ಮ್ಯಾಲಿನ ಕೆರಿಗೆ ಕರಕೊಂಡು ಹೋಗಬೇಕಂತ ಮಾಡೀನಿ. ಮೂರು ದಿನದ ಚಾರಣ. ನೀವು ಹೂಂ ಅಂದ್ರ ಸಾಕ್ರಿ."

ಗುರುಗಳು ಹೂಂ ಅನ್ನದೆ ಆಶ್ರಮದವರು ಯಾರನ್ನೂ ಬೆಟ್ಟ ಹತ್ತಿಸುವಂತಿರಲಿಲ್ಲ.

ಗುರುಗಳು ಹಾಳೆ ತೆಗೆದುಕೊಂಡು ಓದಿದರು. ಮೊದಲನೇ ದಿನ ಆರಕ್ಕೆ ಬಿಡುವುದು. ಎಂಟೂ ಹತ್ತಕ್ಕೆ ಮರದ ಸೇತುವೆ. ಎಂಟೂ ಇಪ್ಪತ್ತಕ್ಕೆ ಬಿಡುವುದು. ಒಂದೂವರೆಗೆ ಹುಲ್ಲುಗಾವಲು ಮುಟ್ಟುತ್ತೇವೆ. ಎರಡನೇ ದಿನ ಕೆರೆ. ಹತ್ತೂ ನಲವತ್ತಕ್ಕೆ ಮುಟ್ಟುತ್ತೇವೆ. ಮೂರನೇ ದಿನ ವಾಪಸ್.

"ಭಾಳ ಅಚ್ಚುಕಟ್ಟ ಬರದಿ," ಎಂದರು ಗುರುಗಳು. "ಮುಟ್ಟುತ್ತೇವೆ ಅಂದ್ರ ಯಾರ್ಯಾರು?"

"ಆ ನಾಕು ಮಂದಿ, ನಾನು, ದಾರಿ ತೋರ್ಸಾವ."

"ಬರಾವ್ರು ಐದು ಅಂದಿ."

"ಅಕ್ಕ ಇಲ್ಲೇ ಇರತಾಳ್ರಿ. ಅರವತ್ತಮೂರಾತು. ಮೂವತ್ತು ವರ್ಷ ಹೊಲಿಗಿ ಮಷೀನ್ ತುಳದ ಮಣಕಾಲು. ಅಷ್ಟು ಎತ್ತರ ಆಗಂಗಿಲ್ಲ."

"ಆಕಿಗೆ ಗೊತ್ತೇನು?"

"ಫೋನ್ ಮಾಡೀನ್ರಿ."

"ಏನಂದ್ಳು?"

"ಆತಪಾ ಅಂದ್ಳು."

ಗುರುಗಳು ಹಾಳೆಯನ್ನು ಮಡಿಸಿ ನೀರಿನ ತಂಬಿಗೆಯ ಕೆಳಗಿಟ್ಟರು.

"ನೀ ಕೇಳಿದ್ಯೋ, ಹೇಳಿದ್ಯೋ?"

ನಿರುಪಾದಿ ತಂಬಿಗೆಯ ಕಡೆ ನೋಡಿದ.

"ಕೇಳಿ ಬಾ," ಎಂದರು.

ಫೋನಿಗೆ ಸಿಗ್ನಲ್ ಸಿಗುವುದು ಮೇಲಿನ ಒಂದು ಬಂಡೆಯ ಹತ್ತಿರ ಮಾತ್ರ. ಬೇರೆಯವರಿಗೆ ಒಂದು ತಾಸಿನ ಹಾದಿ. ನಿರುಪಾದಿ ನಲವತ್ತು ನಿಮಿಷದಲ್ಲಿ ಹತ್ತಿದ.

ಅಕ್ಕ ನೀಲಗಂಗವ್ವ ಫೋನ್ ಎತ್ತಿದಾಗ ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಅಕ್ಕಾ, ನಿನಗ ಆ ಕೆರಿ ನೋಡಬೇಕಂತ ಐತೇನು?"

"ಅವತ್ತ ನೀನ ಬ್ಯಾಡ ಅಂದಿಯಲ್ಲ. ಈಗ್ಯಾಕ ಕೇಳತಿ?"

"ಅವತ್ತ ಕೇಳಿರಲಿಲ್ಲ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಹೋದ ಮೊದಲನೇ ವರ್ಷ ನೀ ಫೋನ್ ಮಾಡಿದ್ದಿ ನೋಡು," ಎಂದಳು. "ಇಲ್ಲೊಂದು ಕೆರಿ ಐತಿ, ಅದರ ದಂಡಿಗೆ ಒಂದು ತಾಸು ಅಲುಗಾಡದ ಕುಂತಿದ್ನಿ ಅಂದಿ. ಎರಡು ವರ್ಷದ ಕೂಸಿದ್ದಾಗಿಂದ ನಿನ್ನ ಸಾಕೀನಿ ನಾ. ನೀ ಒಂದು ತಾಸು ಕುಂತದ್ದು ಒಮ್ಮೆರ ಕಂಡಿಲ್ಲ. ಆ ಜಾಗ ಒಂದು ಸಲ ನೋಡಿ ಸಾಯಬೇಕಂತ ಆಸೆ."

"ಸಾಯೋ ಮಾತ ಯಾಕ ಅಕ್ಕಾ?"

"ಹಂಗಾರ ನೋಡಿ ಬದುಕತೀನಿ ಬಿಡು."

ಇಳಿಯುವಾಗ ನಿರುಪಾದಿ ಓಡಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ತನ್ನನ್ನು ಸಾಕಿದವಳನ್ನು ಒಂದು ಮಾತು ಕೇಳದೆ ಪಟ್ಟಿಯಿಂದ ಹೊಡೆದು ಹಾಕಿದ್ದೆನಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಆದರೆ ನಾಚಿಕೆಯೂ ಅವನಲ್ಲಿ ಬಹಳ ಹೊತ್ತು ಕೂರುವಂತಿರಲಿಲ್ಲ. ಸಂಜೆಯೊಳಗೆ ಹೊಸ ಹಾಳೆ ತಯಾರಾಯಿತು.

"ಅಕ್ಕನ್ನೂ ಸೇರಿಸೀನ್ರಿ ಅಜ್ಜಾರ. ಆಕಿ ಸಲುವಾಗಿ ದಿನಕ್ಕ ನಾಕು ವಿಶ್ರಾಂತಿ ಹಾಕೀನಿ. ಹತ್ತತ್ತು ನಿಮಿಷದ್ದು."

ಗುರುಗಳು ಅದನ್ನೂ ಪೂರ್ತಿ ಓದಿದರು.

"ಛಲೋ ಆತು. ನಾಳೆ ನನ್ನ ಕರಕೊಂಡು ಹೋಗು. ದೇವದಾರು ದಿಬ್ಬದ ತನಕ. ನಾನ ನಿಮ್ಮಕ್ಕ ಅಂತ ತಿಳಿ."

ಗುರುಗಳಿಗೆ ಎಪ್ಪತ್ತನಾಲ್ಕು. ಮಾರನೇ ಬೆಳಿಗ್ಗೆ ಕೋಲು ಹಿಡಿದು ಹೊರಟರು.

ನಿರುಪಾದಿ ಮುಂದೆ ಹೋದ. ಮೊದಲನೇ ತಿರುವಿನಲ್ಲಿ ಒಂದು ಕಲ್ಲು ನೋಡಿ ಕೂತ. ನೀರು ಕುಡಿದ. ಬೂಟು ಬಿಚ್ಚಿ ಹರಳು ಕೊಡವಿದ. ಗಡಿಯಾರ ನೋಡಿದ. ಹತ್ತು ನಿಮಿಷಕ್ಕೆ ಗುರುಗಳು ತಿರುವಿನಲ್ಲಿ ಕಂಡರು. ಅವನು ಎದ್ದು ಚೀಲ ಹೆಗಲಿಗೇರಿಸಿದ.

"ಹೊಂಡೂಣೇನ್ರಿ ಅಜ್ಜಾರ?"

"ಹೂಂ," ಎಂದರು ಗುರುಗಳು. ನಡೆದರು.

ಎರಡನೇ ತಿರುವಿನಲ್ಲೂ ಹಾಗೇ ಆಯಿತು. ಅವನು ಕೂತ, ಅವರು ಬಂದರು, ಅವನು ಎದ್ದ.

"ಹೊಂಡೂಣೇನ್ರಿ?"

"ಹೂಂ."

ಮೂರನೇ ಸಲ ಗುರುಗಳಿಗೆ ಹೂಂ ಅನ್ನಲು ಉಸಿರು ಸಾಲಲಿಲ್ಲ. ತಲೆಯಾಡಿಸಿದರು. ನಾಲ್ಕನೇ ಸಲ ಅದೂ ಇಲ್ಲ. ಸುಮ್ಮನೆ ಅವನ ಹಿಂದೆ ನಡೆದರು. ನಿರುಪಾದಿ ಆಗಲೇ ಮುಂದಿನ ತಿರುವು ನೋಡುತ್ತಿದ್ದ.

ದಿಬ್ಬ ಮುಟ್ಟಿದಾಗ ಅವನಿಗೆ ಖುಷಿಯಾಗಿತ್ತು.

"ನೋಡ್ರಿ ಅಜ್ಜಾರ, ನಾಕು ಸಲ ದಣಿವಾರಿಸಿಕೊಂಡು ಬಂದ್ವಿ. ಪಟ್ಟಿ ಹೇಳಿದ ಹೊತ್ತಿಗೆ ಮುಟ್ಟೀವಿ. ತ್ರಾಸೇನೂ ಆಗಲಿಲ್ಲ, ಹೌದಲ್ರಿ?"

ಗುರುಗಳು ಮರವೊಂದನ್ನು ಹಿಡಿದು ನಿಂತಿದ್ದರು.

"ನೀ ನಾಕು ಸಲ ಕುಂತಿ," ಎಂದರು. "ನಾ ಇನ್ನಾ ಕುಂತಿಲ್ಲ."

ನಿರುಪಾದಿ ಗಾಬರಿಯಾಗಿ ಹೊದಿಕೆ ಹಾಸಿದ. ಗುರುಗಳು ಕೂತರು. ಬಹಳ ಹೊತ್ತು ಕೂತರು. ಅವನು ಪಕ್ಕದಲ್ಲಿ ಕೂರಲು ನೋಡಿದ, ಆಗಲಿಲ್ಲ. ಎದ್ದು ಒಣಕಟ್ಟಿಗೆ ಆರಿಸಿದ. ಬೇಕಾಗಿಲ್ಲ ಎಂದು ನೆನಪಾಗಿ ಬಿಸಾಕಿದ.

ಕೊನೆಗೆ ಅವನೇ ಬಾಯಿಬಿಟ್ಟ.

"ಪ್ರತಿ ಸಲ ನಾ ಕೇಳಿದ್ನೆಲ್ರಿ ಅಜ್ಜಾರ, ಹೊಂಡೂಣೇನು ಅಂತ. ನೀವು ಬ್ಯಾಡ ಅನ್ನಬೇಕಿತ್ತು."

"ಚೀಲಾ ಹೆಗಲಿಗೆ ಹಾಕ್ಕೊಂಡು ಕೇಳಿದಿ," ಎಂದರು ಗುರುಗಳು.

ಇಳಿಯಲು ಅವರಿಗೆ ಮಧ್ಯಾಹ್ನ ಕಳೆಯಿತು.

ಆ ಕಣಿವೆಯಲ್ಲಿ ಬೇಸಿಗೆಯಿಂದ ಚಳಿಗಾಲದವರೆಗೆ ಕುರಿ ಮೇಯಿಸುತ್ತ, ನಡುವೆ ಬಂದವರಿಗೆ ದಾರಿ ತೋರಿಸುವವನು ಕುಂದನ್ ಸಿಂಗ್. ಕನ್ನಡ ಬಾರದು. ನಿರುಪಾದಿಯ ಹರುಕು ಹಿಂದಿ ಅವನಿಗೆ ಸಾಕಾಗುತ್ತಿತ್ತು. ಗುರುಗಳು ಅವನನ್ನು ಕರೆಸಿದರು.

ನಿರುಪಾದಿ ಪಟ್ಟಿ ಓದಿ ಹೇಳಿದ. ಕುಂದನ್ ಕೇಳಿಸಿಕೊಂಡು ಬೀಡಿ ಆರಿಸಿದ.

"ಎಷ್ಟು ದಿನ ಎಂಬುದನ್ನು ಆಮೇಲೆ ಹೇಳುತ್ತೇನೆ. ನಡೆಯುವವರು ಯಾರು?"

ನಿರುಪಾದಿ ಹೇಳಿದ. ಅಕ್ಕನ ಮೊಣಕಾಲಿನ ವಿಷಯವನ್ನೂ ಹೇಳಿದ.

"ಹಾಗಿದ್ದರೆ ಐದು ದಿನ," ಎಂದ ಕುಂದನ್. "ಹತ್ತಲು ಎರಡು, ಕೆರೆಗೆ ಹೋಗಿ ಹುಲ್ಲುಗಾವಲಿಗೆ ಮರಳಲು ಒಂದು, ಇಳಿಯಲು ಎರಡು. ಎಲ್ಲರಿಗಿಂತ ಮುಂದೆ ನಿಮ್ಮ ಅಕ್ಕ. ಅವರನ್ನು ದಾಟಿ ಯಾರೂ ಹೋಗಬಾರದು. ಎಲ್ಲರಿಗಿಂತ ಹಿಂದೆ ನಾನು."

"ದಾರಿ ತೋರಿಸುವವನು ಮುಂದೆ ಇರಬೇಕಲ್ಲವೇ?"

"ಕುರಿ ಕಾಯುವವನು ಎಲ್ಲಿ ನಡೆಯುತ್ತಾನೆ?"

"ಹಿಂದೆ."

"ಕಾಲು ನೋವಿನ ಕುರಿ ಇದ್ದರೆ ನಾನು ಅದನ್ನು ಮುಂದೆ ಬಿಡುತ್ತೇನೆ. ಅದು ನಡೆದಷ್ಟೇ ಮಂದೆ ನಡೆಯುತ್ತದೆ. ಅದು ನಿಂತರೆ ಮಂದೆ ನಿಲ್ಲುತ್ತದೆ. ಹಿಂದೆ ಬಿಟ್ಟೆನೋ, ಸಂಜೆಗೆ ಅದನ್ನು ಹುಡುಕಲು ನಾನೇ ಮತ್ತೆ ಹತ್ತಬೇಕು."

ಇನ್ನೊಂದು ಕಟ್ಟಳೆಯನ್ನೂ ಹೇಳಿದ. ಕೆರೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿರುತ್ತಾರೋ ಅಲ್ಲಿಂದ ಹಿಂತಿರುಗಬೇಕು. ಆಮೇಲೆ ಮೋಡ ಇಳಿದರೆ ಅವನಿಗೂ ದಾರಿ ಕಾಣುವುದಿಲ್ಲ.

ಕುಂದನ್ ಹೋದ ಮೇಲೆ ನಿರುಪಾದಿ ಗುರುಗಳ ಹತ್ತಿರ ಗೊಣಗಿದ.

"ನಮ್ಮಕ್ಕನ್ನ ಕುಂಟ ಕುರಿ ಅಂದಂಗಾತಲ್ರಿ."

"ನಿನ್ನ ಏನಂದ?"

"ನನ್ನ ಏನೂ ಅನ್ನಲಿಲ್ರಿ."

"ಅದಕ್ಕ ಸಿಟ್ಟು ಬಂದೈತಿ," ಎಂದರು ಗುರುಗಳು. ತಂಬಿಗೆಯ ಕೆಳಗಿನ ಹಾಳೆ ತೆಗೆದು ಅವನ ಕೈಗೆ ಕೊಟ್ಟು, "ಹೂಂ. ಹೋಗಿ ಬರ್ರಿ," ಎಂದರು.

ಹತ್ತು ದಿನಕ್ಕೆ ಊರಿನವರು ಬಂದರು. ನೀಲಗಂಗವ್ವ ಬಿಳಿ ಕ್ಯಾನ್‌ವಾಸ್ ಬೂಟು ಹಾಕಿದ್ದಳು, ಇಳಕಲ್ ಸೀರೆಯ ಮೇಲೆ ತಮ್ಮ ಕಳಿಸಿದ ಸ್ವೆಟರು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ಸೊರಗೀದಿ," ಎಂದಳು. "ಇಲ್ಲೂ ಕುಂದರವಲ್ಲೇನು?"

ಮೂರನೇ ದಿನ ಹೊರಟರು. ಡೇರೆ, ಅಕ್ಕಿ, ಬೇಳೆಯನ್ನು ಎರಡು ಹೇಸರಗತ್ತೆ ಹೊತ್ತವು. ಎಲ್ಲಕ್ಕಿಂತ ಮುಂದೆ ನೀಲಗಂಗವ್ವ, ಅವಳ ಹಿಂದೆ ನಿರುಪಾದಿ, ಆಮೇಲೆ ಗೆಳತಿಯರು ನಾಲ್ವರು, ಕೊನೆಗೆ ಕುಂದನ್.

ಮೊದಲ ದಿನ ನಿರುಪಾದಿ ಹಲ್ಲು ಕಚ್ಚಿಕೊಂಡು ನಡೆದ. ಅಕ್ಕ ಹತ್ತು ಹೆಜ್ಜೆಗೊಮ್ಮೆ ನಿಲ್ಲುವಳು. ಹೂ ನೋಡುವಳು. ಇದಕ್ಕೇನಂತಾರ ಎಂದು ಕೇಳುವಳು. ಅವನ ಕಾಲು ನಿಂತಲ್ಲೇ ಕುಣಿಯುತ್ತಿತ್ತು. ಹಿಂದಿನವರು ಮಾತ್ರ ಭಜನೆ ಹೇಳಿಕೊಂಡು ಆರಾಮವಾಗಿ ಬಂದರು.

ಎರಡನೇ ದಿನ ಅವನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಮುಂದ ದಾರಿ ಹ್ಯಾಂಗೈತಿ ನೋಡಿ ಬರತೀನಿ."

"ಕುಂದನ್ ದಾಟಬ್ಯಾಡ ಅಂದಾನಲ್ಲೋ?"

"ದಾಟಿ ಹೋಗಂಗಿಲ್ಲ. ನೋಡಿ ಬರತೀನಿ."

ಹೋದ, ಬಂದ. ಮತ್ತೆ ಹೋದ, ಮತ್ತೆ ಬಂದ. ಮೇಯಲು ಬಿಟ್ಟ ಕರುವಿನ ಹಾಗೆ ಪ್ರತಿ ತಿರುವಿಗೂ ಮುಂದಕ್ಕೆ ಓಡಿ ಹಿಂದಕ್ಕೆ ಬಂದ. ಬಂದಾಗ ಅಕ್ಕ ಕೂತಿದ್ದರೆ, ಚೀಲ ಇಳಿಸದೆ ಎದುರಿಗೆ ನಿಲ್ಲುವನು.

"ಹೊಂಡೂಣೇನು?"

ನೀಲಗಂಗವ್ವ ಏಳುವಳು. ತಮ್ಮ ಹೊಂಡೂಣೇನು ಅಂದಾಗ ಒಲ್ಲೆ ಅಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ಸಾಲೆಗೆ ಹೋಗುವಾಗ, ನೌಕರಿಗೆ ಸೇರುವಾಗ, ಎಲ್ಲ ಬಿಟ್ಟು ಹಿಮಾಲಯಕ್ಕೆ ಹೋಗುತ್ತೇನೆ ಅಂದಾಗಲೂ ಎದ್ದು ಬುತ್ತಿ ಕಟ್ಟಿದವಳು.

ಮೂರನೇ ದಿನ ಕೆರೆಯ ದಿನ. ಬೆಳಕು ಹರಿಯುವಾಗಲೇ ಹುಲ್ಲುಗಾವಲು ಬಿಟ್ಟರು. ದಾರಿ ಕಡಿದಾಗಿತ್ತು. ಆಕಾಶ ಶುಭ್ರವಾಗಿತ್ತು. ನಿರುಪಾದಿಗೆ ಮಾತ್ರ ಯಾವಾಗ ಮೋಡ ಇಳಿಯುತ್ತದೋ ಎಂಬ ಅನುಮಾನ. ಕ್ಷಣಕ್ಕೊಮ್ಮೆ ಮೇಲೆ ನೋಡುವನು, ಗಡಿಯಾರ ನೋಡುವನು, ಅಕ್ಕನ ಕಾಲು ನೋಡುವನು.

"ಹೊಂಡೂಣೇನ ಅಕ್ಕಾ?"

"ನಡಿ."

ಸ್ವಲ್ಪ ಹೊತ್ತಿಗೆ ಮತ್ತೆ.

"ಹೊಂಡೂಣೇನು?"

"ನಡೀಪಾ."

ಹನ್ನೊಂದಕ್ಕೆ ನೀಲಗಂಗವ್ವನ ಮೀನಖಂಡ ಹಿಡಿದುಕೊಂಡಿತು. ಅಲ್ಲೇ ಕುಸಿದಳು. ಗೆಳತಿಯರು ಎಣ್ಣೆ ಹಚ್ಚಿ ತಿಕ್ಕಿದರು. ನಿರುಪಾದಿ ಸುತ್ತಲೂ ತಿರುಗಿದ, ಹನ್ನೆರಡು ಹೆಜ್ಜೆ ಆಕಡೆ, ಹನ್ನೆರಡು ಹೆಜ್ಜೆ ಈಕಡೆ.

ಅವಳು ಎದ್ದು ನಿಲ್ಲುವಷ್ಟರಲ್ಲಿ ಹನ್ನೆರಡಾಯಿತು. ಕುಂದನ್ ಹಿಂದಿನಿಂದ ಬಂದು ಆಕಾಶ ನೋಡಿದ.

"ವಾಪಸ್," ಎಂದ.

"ಇನ್ನು ಅರ್ಧ ಗಂಟೆ ಅಷ್ಟೇ ಇರುವುದು," ಎಂದ ನಿರುಪಾದಿ. "ಆ ಏರು ದಾಟಿದರೆ ಕೆರೆ. ನಾನು ನೋಡಿದ್ದೇನೆ."

"ಅದು ನಿಮ್ಮ ಅರ್ಧ ಗಂಟೆ. ಅವರಿಗೆ ಒಂದೂವರೆ ಆಗುತ್ತದೆ."

"ಕೈ ಮುಗಿಯುತ್ತೇನೆ. ಅವಳು ಎರಡು ಸಾವಿರ ಕಿಲೋಮೀಟರ್ ದೂರದಿಂದ ಬಂದವಳು."

ಕುಂದನ್ ಮೇಲಕ್ಕೆ ಕೈ ತೋರಿಸಿದ. ಬೆಟ್ಟದ ಬೆನ್ನಿಗೆ ಮೊದಲ ಮೋಡ ಬಂದು ನಿಂತಿತ್ತು.

ನೀಲಗಂಗವ್ವ ಗೆಳತಿಯರ ಕಡೆ ತಿರುಗಿದಳು. "ನೀವ್ಯಾಕ ನಿಂತೀರಿ? ಓಡಿ ಹೋಗಿ ನೋಡಿ ಬರ್ರಿ. ನಾ ಇಲ್ಲೇ ಕುಂತಿರತೀನಿ."

"ನೀ ಇಲ್ದ ನಾವ್ಯಾಕ ಹೋಗೂಣು?" ಎಂದಳು ಅವರಲ್ಲಿ ಹಿರಿಯಳು. ಉಳಿದವರೂ ಚೀಲ ಹೆಗಲಿಗೇರಿಸಿ ಇಳಿಯುವ ಕಡೆ ತಿರುಗಿದರು.

ಇಳಿಯುವ ಎರಡು ದಿನ ನಿರುಪಾದಿ ಯಾರ ಜೊತೆಗೂ ಮಾತಾಡಲಿಲ್ಲ. ಸಿಟ್ಟಿನಲ್ಲಿ ಮುಂದೆ ಹೋಗುವನು, ಅಕ್ಕನ ಕಾಲು ನೆನಪಾಗಿ ಹಿಂದೆ ಬರುವನು. ಹೊಂಡೂಣೇನು ಎಂದು ಕೇಳಲಿಲ್ಲ. ಕೇಳಿ ಏನು ಮಾಡುವುದಿತ್ತು? ನೀಲಗಂಗವ್ವ ಸಿಕ್ಕ ಕಲ್ಲಿನ ಮೇಲೆಲ್ಲ ಕೂತು, ಸಾಕೆನಿಸಿದಾಗ ಎದ್ದು, ನಿಧಾನವಾಗಿ ಇಳಿದಳು.

ಐದನೇ ದಿನ ಮಧ್ಯಾಹ್ನ ಆಶ್ರಮ ಮುಟ್ಟಿದರು. ಗೆಳತಿಯರು ಮಾರನೇ ಬೆಳಿಗ್ಗೆ ಊರಿಗೆ ಹೊರಡಬೇಕೆಂದು ಗಂಟು ಕಟ್ಟಲು ಹೋದರು. ಅಕ್ಕ ಕಾಲು ತೊಳೆದು ಬಂದು ಗುರುಗಳ ಮುಂದೆ ಕೂತಳು. ಕುಂದನ್ ಹೊಸ್ತಿಲ ಹತ್ತಿರ ಚಹಾದ ಲೋಟ ಹಿಡಿದು ಕೂತ. ನಿರುಪಾದಿ ಕಂಬಕ್ಕೆ ಒರಗಿ ನಿಂತ.

"ಕೆರಿ ನೋಡಿದ್ರೇನವಾ?" ಎಂದು ಗುರುಗಳು ಕೇಳಿದರು.

"ಇಲ್ರಿ ಅಜ್ಜಾರ. ಒಂದು ಏರು ಉಳಕೊಂತು. ಬ್ಯಾಸರಾತ್ರಿ, ಸುಳ್ಳು ಯಾಕ ಹೇಳಲಿ."

ನಿರುಪಾದಿಗೆ ಅಷ್ಟೇ ಬೇಕಾಗಿತ್ತು. ಎರಡು ದಿನದಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಹೊರಗೆ ಬಂತು.

"ನನ್ನ ಮೊದಲನೇ ಪಟ್ಟಿಯಂಗ ಹೋಗಿದ್ರ ನಾಕು ಮಂದಿಯರ ನೋಡತಿದ್ರು ಅಜ್ಜಾರ. ನಿಮ್ಮ ಮಾತು ಕೇಳಿ ಐದೂ ಮಂದಿ ನೋಡಲಿಲ್ಲ. ಕುಂದನ್ ಅಕ್ಕನ್ನ ಮುಂದ ಬಿಡು ಅಂದ, ಬಿಟ್ಟೆ. ಐದು ದಿನ ಮಾಡು ಅಂದ, ಮಾಡಿದೆ. ಕುಂದರಿಸು ಅಂದ್ರಿ, ಕುಂದರಿಸಿದೆ. ಎಲ್ಲಾ ಮಾಡಿ ಏನಾತು? ಯಾರೂ ಮುಟ್ಟಲಿಲ್ಲ."

ಗುರುಗಳ ಎದುರು ಅವನು ಹೀಗೆ ಮಾತಾಡಿದ್ದು ಇದೇ ಮೊದಲು.

ಗುರುಗಳಿಗೆ ಕೋಪ ಬಂದ ಹಾಗೆ ಕಾಣಲಿಲ್ಲ. ನೀಲಗಂಗವ್ವನ ಕಡೆ ನೋಡಿದರು.

"ಕುಂದರಾಕ ಬಿಟ್ನೇನವಾ ನಿಮ್ಮ ತಮ್ಮ?"

ಅವಳು ತಮ್ಮನ ಮುಖ ನೋಡಿದಳು. ಅವನ ಮೇಲೆ ಯಾರ ಹತ್ತಿರವೂ ಚಾಡಿ ಹೇಳಿದವಳಲ್ಲ.

"ಬಿಟ್ಟಾನ್ರಿ," ಎಂದಳು.

ಹೊಸ್ತಿಲಲ್ಲಿದ್ದ ಕುಂದನ್‌ಗೆ ಇವರ ಮಾತು ತಿಳಿಯುತ್ತಿರಲಿಲ್ಲ. ಆದರೆ ಮಾತು ಚಾರಣದ್ದು ಎಂದು ತಿಳಿಯಿತು. ಅವನು ತನ್ನ ಪಾಡಿಗೆ ನಗುತ್ತ ಹಿಂದಿಯಲ್ಲಿ ಅಂದ:

"ಬಾಬಾಜಿ, ಐದು ದಿನದಲ್ಲಿ ನಾನೂ ನಿಮ್ಮ ಭಾಷೆಯ ಒಂದು ಮಾತು ಕಲಿತೆ."

"ಯಾವುದು?"

"ಹೊಂಡೂಣೇನು."

ಯಾರೂ ನಗಲಿಲ್ಲ. ತಪ್ಪಾಗಿ ಹೇಳಿದೆನೇನೋ ಎಂದು ಕುಂದನ್ ಮತ್ತೊಮ್ಮೆ ಹೇಳಿದ. ಅವನು ಅದನ್ನು ಸರಿಯಾಗಿಯೇ ಹೇಳಿದ್ದ, ನಿರುಪಾದಿಯ ದನಿಯಲ್ಲೇ.

ನಿರುಪಾದಿ ಕಂಬ ಬಿಟ್ಟು ನೆಲಕ್ಕೆ ಕುಸಿದ. ಸಾಲಿನ ಕಟ್ಟಕಡೆಗೆ ನಡೆದವನ ಕಿವಿಗೂ ಅದು ಅಷ್ಟು ಸಲ ಬಿದ್ದಿತ್ತು ಎಂದರೆ, ಅಕ್ಕನ ಕಿವಿಗೆ ಎಷ್ಟು ಸಲ ಬಿದ್ದಿರಬೇಕು ಎಂದು ಅವನಿಗೆ ಈಗ ಹೊಳೆಯಿತು.

"ಅಕ್ಕಾ," ಎಂದ. "ನಿನ್ನ ಎಬ್ಬಿಸಿದಾವ ನಾನ."

"ಇರ್ಲಿ ಬಿಡು."

"ಕಾಲು ಹಿಡಕೊಂಡದ್ದು ನನ್ನಿಂದ."

"ನಿನಗ ಕುಂದರಾಕ ಬರಂಗಿಲ್ಲ. ನನಗ ಗೊತ್ತಿಲ್ಲೇನು?"

ನಿರುಪಾದಿ ಮುಖ ಮುಚ್ಚಿಕೊಂಡು ಅತ್ತ. ಅಕ್ಕ ಅವನ ಬೆನ್ನಿನ ಮೇಲೆ ಕೈಯಿಟ್ಟಳು.

ಗುರುಗಳು ಅವನ ಅಳು ಮುಗಿಯುವವರೆಗೆ ಕಾದರು. ಆಮೇಲೆ ನೀಲಗಂಗವ್ವನನ್ನು ಕೇಳಿದರು.

"ಯವ್ವಾ, ಈಗ ಕಾಲು ಹ್ಯಾಂಗದಾವು?"

"ಇಳಿಯೋ ಮುಂದ ಸಿಕ್ಕಲ್ಲೆಲ್ಲಾ ಕುಂತು ಬಂದ್ನಿರಿ. ಛಲೋ ಅದಾವು."

"ಮತ್ತ ಹೋಗತೀಯೇನು?"

ಕೇಳಿ ಗುರುಗಳು ಸುಮ್ಮನಾದರು. ಕೂತೇ ಇದ್ದರು. ನೀಲಗಂಗವ್ವ ಯೋಚನೆ ಮಾಡಿದಳು. ಮೇಲಿನ ಬೆಟ್ಟ ನೋಡಿದಳು, ತನ್ನ ಮೊಣಕಾಲು ಒತ್ತಿ ನೋಡಿದಳು, ಗಂಟು ಕಟ್ಟುತ್ತಿದ್ದ ಗೆಳತಿಯರ ಕೋಣೆಯ ಕಡೆ ನೋಡಿದಳು. ಅಡುಗೆಮನೆಯಲ್ಲಿ ಹಾಲು ಕಾದು ಉಕ್ಕಿ, ಯಾರೋ ಇಳಿಸಿದ ಸದ್ದಾಯಿತು. ಗುರುಗಳು ಇನ್ನೂ ಕಾಯುತ್ತಿದ್ದರು.

"ನಾಳೆ ಆಗಂಗಿಲ್ರಿ," ಎಂದಳು ಕೊನೆಗೆ. "ನಾಡದು ಹೋಗತೀನಿ. ಊರಿಗೆ ಹೋಗೋ ಟಿಕೆಟ್ ಹೋದ್ರ ಹೋತು."

ಗುರುಗಳು ಕುಂದನ್‌ನನ್ನು ಹಿಂದಿಯಲ್ಲಿ ಕೇಳಿದರು. ಕುರಿ ಇಳಿಸಲು ಇನ್ನೂ ಒಂಬತ್ತು ದಿನ ಇದೆ, ಅಷ್ಟರವರೆಗೆ ಹಿಮ ಬೀಳುವುದಿಲ್ಲ, ನಾನು ಬರುತ್ತೇನೆ ಎಂದ ಅವನು.

ನಿರುಪಾದಿ ಹೊಸ ಹಾಳೆ ತರಲು ನೆಲಕ್ಕೆ ಕೈಯೂರಿ ಏಳಹೋದ. ಏಳಲಾಗಲಿಲ್ಲ. ಎರಡನೇ ಸಲ ಕಂಬ ಹಿಡಿದು ನೋಡಿದ. ತೊಡೆಗಳು ನಡುಗಿ ಅವನನ್ನು ಮತ್ತೆ ಕೂರಿಸಿದವು. ಉಳಿದವರು ಒಂದು ಸಲ ನಡೆದ ದಾರಿಯನ್ನು ಅವನು ಮೂರು ಸಲ ನಡೆದಿದ್ದ.

"ಅಜ್ಜಾರ," ಎಂದ. ದನಿ ಸಣ್ಣದಾಗಿತ್ತು. "ಅಕ್ಕ ಹೋಗಿ ಬರಲಿ. ನನಗ ಆಗಂಗಿಲ್ರಿ. ಕಾಲು ಸತ್ತು ಹೋಗ್ಯಾವು. ಆಕಿ ಹಿಂದ ನಡಿಯೋ ತ್ರಾಣನೂ ಉಳದಿಲ್ಲ ನನಗ."

ತನಗೆ ಆಗುವುದಿಲ್ಲ ಎಂದು ಅವನು ಹುಟ್ಟಿದ ಮೇಲೆ ಹೇಳಿದ್ದು ಇದೇ ಮೊದಲು. ನೀಲಗಂಗವ್ವ ತಮ್ಮನನ್ನು ಅಚ್ಚರಿಯಿಂದ ನೋಡಿದಳು.

ಗುರುಗಳೂ ನೋಡಿದರು.

"ಹಂಗಾರ," ಎಂದರು, "ನಾಡದು ನೀ ಮುಂದ ನಡಿ."